ಇಟಲಿ ಅಡುಗೆ ಜಗತ್ತಿಗೆಲ್ಲ ಯಾಕಿಷ್ಟು ಇಷ್ಟ? ಯುನೆಸ್ಕೋ ಫಾರ್ವರ್ಡ್, ಆಲಿವ್ ಎಣ್ಣೆ ಮತ್ತು ನಮ್ಮ ಮುದ್ದೆ

"ಇಟಲಿ ಅಡುಗೆಯೇ ಪ್ರಪಂಚದ ನಂಬರ್ ಒನ್ ಅಡುಗೆ ಅಂತ ಯುನೆಸ್ಕೋ ಘೋಷಣೆ! ಅಲ್ಲಿಯವರಿಗೆ ಹಾರ್ಟ್ ಅಟ್ಯಾಕ್ ಆಗೋದೇ ಇಲ್ಲ. ಇವತ್ತೇ ಮನೆ ಎಣ್ಣೆ ಬದಲಿಸಿ, ಆಲಿವ್ ಎಣ್ಣೆ ತನ್ನಿ. ಹತ್ತು ಜನಕ್ಕೆ ಕಳಿಸಿ."

ಇದು ಒಂದು ಫಾರ್ವರ್ಡ್. ಅದೇ ಗ್ರೂಪಿನಲ್ಲಿ ನಾಲ್ಕು ದಿನ ಬಿಟ್ಟು ಇನ್ನೊಂದು ಬರುತ್ತದೆ: "ಪಾಸ್ತಾ, ಪಿಜ್ಜಾ ಎಲ್ಲ ಮೈದಾ. ಕರುಳಿಗೆ ಗೋಂದಿನ ಹಾಗೆ ಅಂಟಿಕೊಂಡು ಕೊಳೆಯುತ್ತೆ." ಎರಡನ್ನೂ ಕಳಿಸಿದವರು ಒಬ್ಬರೇ ಆಗಿದ್ದರೂ ಆಶ್ಚರ್ಯವಿಲ್ಲ.

ಹೊಸದುರ್ಗದ ಓದುಗರೊಬ್ಬರು ಈ ಎರಡನ್ನೂ ನಮಗೆ ಕಳಿಸಿ ಒಂದು ಪ್ರಶ್ನೆ ಕೇಳಿದ್ದರು. ಅವರ ಅಪ್ಪನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಮನೆಯಲ್ಲಿ ಶೇಂಗಾ ಎಣ್ಣೆ ನಿಲ್ಲಿಸಿ, ಅದರ ಹಲವು ಪಟ್ಟು ಬೆಲೆಯ ಆಲಿವ್ ಎಣ್ಣೆ ಡಬ್ಬ ತಂದಿಟ್ಟಿದ್ದಾರೆ. ಅಪ್ಪ ಈಗ "ಇನ್ನು ಮಾತ್ರೆ ಯಾಕೆ, ಎಣ್ಣೆ ಬದಲಾಯ್ತಲ್ಲ" ಅನ್ನುತ್ತಿದ್ದಾರಂತೆ. ಮೊದಲೇ ಹೇಳಿಬಿಡುತ್ತೇವೆ: ಮಾತ್ರೆ ನಿಲ್ಲಿಸಬಾರದು. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಗಟ್ಟಿಯಾಗಿ ಮತ್ತೆ ಹೃದಯಾಘಾತ ಆಗಬಹುದು. ಎಣ್ಣೆಯ ವಿಚಾರಕ್ಕೆ ಕೆಳಗೆ ಬರುತ್ತೇವೆ. ಅದಕ್ಕೂ ಮುಂಚೆ ಇಟಲಿಯ ಮನೆ ಅಡುಗೆ ಅಂದರೆ ಏನು, ಅದನ್ನು ಎಲ್ಲರೂ ಯಾಕೆ ಇಷ್ಟಪಡುತ್ತಾರೆ ಅನ್ನುವುದನ್ನು ನೋಡೋಣ.

ಯುನೆಸ್ಕೋ ಹೇಳಿದ್ದು ಏನು?

ಸುದ್ದಿಯಲ್ಲಿ ಅರ್ಧ ನಿಜ ಇದೆ. 2025ರ ಡಿಸೆಂಬರ್‌ನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಯುನೆಸ್ಕೋ ಸಮಿತಿಯ ಸಭೆ ನಡೆಯಿತು. ಆ ಸಭೆ ಇಟಲಿಯ ಅಡುಗೆಯನ್ನು ಮನುಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ಸಭೆಯಲ್ಲಿ ನಮ್ಮ ದೀಪಾವಳಿಯೂ ಅದೇ ಪಟ್ಟಿಗೆ ಸೇರಿತು. ಹಾಗಂತ ದೀಪಾವಳಿ ಜಗತ್ತಿನ ನಂಬರ್ ಒನ್ ಹಬ್ಬ ಅಂತ ಯುನೆಸ್ಕೋ ಹೇಳಿದ ಹಾಗೆ ಆಗುವುದಿಲ್ಲ. ಈ ಪಟ್ಟಿಯಲ್ಲಿ ರ‍್ಯಾಂಕ್ ಇಲ್ಲ, ಮೊದಲ ಸ್ಥಾನ ಕೊನೆಯ ಸ್ಥಾನ ಅಂತ ಇಲ್ಲ. ಜನ ತಲೆಮಾರಿನಿಂದ ತಲೆಮಾರಿಗೆ ಕಲಿಸಿಕೊಂಡು ಬಂದ ಆಚರಣೆ, ಕಸುಬು, ಕಲೆಗಳ ದಾಖಲೆ ಅದು. ಆರೋಗ್ಯಕ್ಕೆ ಒಳ್ಳೆಯದೋ ಕೆಟ್ಟದ್ದೋ ಅಂತ ಪರೀಕ್ಷೆ ಮಾಡುವುದು ಆ ಸಮಿತಿಯ ಕೆಲಸವೂ ಅಲ್ಲ. ಜನಗಣಮನವನ್ನು ಯುನೆಸ್ಕೋ "ಜಗತ್ತಿನ ಅತ್ಯುತ್ತಮ ರಾಷ್ಟ್ರಗೀತೆ" ಎಂದು ಘೋಷಿಸಿತು ಅನ್ನುವ ಹಳೇ ಸುಳ್ಳು ನೆನಪಿದೆಯಲ್ಲ? ಇದು ಅದರ ತಮ್ಮ.

ಅಲ್ಲಿಯ ಮುದ್ದೆ

ಇಟಲಿ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಹೆದ್ದಾರಿ ಪಕ್ಕದ ಹೋಟೆಲಿನ ಪಿಜ್ಜಾ, ತಳ್ಳುಗಾಡಿಯ ವೈಟ್ ಸಾಸ್ ಪಾಸ್ತಾ. ಆದರೆ ಉತ್ತರ ಇಟಲಿಯ ಹಳ್ಳಿ ಮನೆಗಳಲ್ಲಿ ನೂರಾರು ವರ್ಷ ಒಲೆಯ ಮೇಲೆ ಕುದಿಯುತ್ತಿದ್ದದ್ದು ಪೊಲೆಂಟಾ. ಇದನ್ನು ಚಿತ್ರದುರ್ಗದವರಿಗೆ ವಿವರಿಸುವುದು ಬಲು ಸುಲಭ: ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ತಾಮ್ರದ ಪಾತ್ರೆಯಲ್ಲಿ ನೀರು ಕುದಿಸಿ, ಹಿಟ್ಟು ಬಿಟ್ಟು, ಮರದ ಕೋಲಿನಿಂದ ಮುಕ್ಕಾಲು ಗಂಟೆ ತಿರುವುತ್ತಾರೆ. ಗಟ್ಟಿಯಾದ ಮೇಲೆ ಮರದ ಹಲಗೆಗೆ ಸುರಿದು ದಾರದಿಂದ ಕತ್ತರಿಸುತ್ತಾರೆ. ದಕ್ಷಿಣ ಇಟಲಿಯವರು ಉತ್ತರದವರನ್ನು "ಪೊಲೆಂಟೋನಿ", ಅಂದರೆ ಪೊಲೆಂಟಾ ತಿನ್ನುವವರು, ಅಂತ ಹೀಯಾಳಿಸುವುದೂ ಉಂಟು. ಮುದ್ದೆ ಸೀಮೆ, ರೊಟ್ಟಿ ಸೀಮೆ ಎರಡೂ ಕೂಡುವ ನಮ್ಮ ಜಿಲ್ಲೆಯವರಿಗೆ ಈ ತಮಾಷೆ ಅರ್ಥವಾಗದೆ ಇರದು.

ಮೆಕ್ಕೆಜೋಳ ಅಮೆರಿಕ ಖಂಡದಿಂದ ಬರುವ ಮೊದಲು ಪೊಲೆಂಟಾವನ್ನು ಸಿರಿಧಾನ್ಯಗಳಲ್ಲಿ ಮಾಡುತ್ತಿದ್ದರು. ಅವುಗಳಲ್ಲಿ ನವಣೆಯೂ ಒಂದು. ಹೊಸದುರ್ಗದ ಕೆಂಪು ನೆಲದಲ್ಲಿ ಸಾವೆಯ ಜೊತೆ ಬೆಳೆಯುವ ಅದೇ ನವಣೆ. ಅದರ ವೈಜ್ಞಾನಿಕ ಹೆಸರು ಸೆಟಾರಿಯಾ ಇಟಾಲಿಕಾ. ಬೆಳೆಯ ಮೂಲ ಚೀನಾ, ಹೆಸರು ಮಾತ್ರ ಇಟಲಿಯದು. "ಇಟಾಲಿಯನ್" ಅನ್ನುವ ಪದ ಕೇಳಿ ಬೆರಗಾಗುವವರಿಗೆ ಇದನ್ನು ಫಾರ್ವರ್ಡ್ ಮಾಡಬಹುದು, ಅಡ್ಡಿಯಿಲ್ಲ.

ಪೊಲೆಂಟಾದ ಕತೆಯಲ್ಲಿ ಒಂದು ಕಹಿ ಅಧ್ಯಾಯ ಇದೆ. 18 ಮತ್ತು 19ನೇ ಶತಮಾನದಲ್ಲಿ ಉತ್ತರ ಇಟಲಿಯ ಬಡ ಕೂಲಿಗಳು ಮೂರು ಹೊತ್ತೂ ಮೆಕ್ಕೆಜೋಳವನ್ನೇ ತಿಂದರು. ಬೇಳೆ, ಹಾಲು, ಮಾಂಸ ಕೊಳ್ಳುವ ಶಕ್ತಿ ಇರಲಿಲ್ಲ. ಚರ್ಮ ಒರಟಾಗಿ ಸುಲಿಯಿತು, ಭೇದಿ ಹಿಡಿಯಿತು, ಬುದ್ಧಿ ಭ್ರಮಣೆಯಾಯಿತು, ಸಾವಿರಾರು ಜನ ಸತ್ತರು. 1771ರಲ್ಲಿ ಫ್ರಾನ್ಚೆಸ್ಕೊ ಫ್ರಪೊಲ್ಲಿ ಎಂಬ ವೈದ್ಯ ಈ ರೋಗಕ್ಕೆ ಪೆಲಾಗ್ರ ಎಂದು ಹೆಸರಿಟ್ಟ. ಕಾರಣ ನಯಾಸಿನ್ ಎಂಬ ಬಿ ಜೀವಸತ್ವದ ಕೊರತೆ ಅನ್ನುವುದು ಖಚಿತವಾಗಲು 1937ರವರೆಗೆ ಕಾಯಬೇಕಾಯಿತು. ಮೆಕ್ಕೆಜೋಳದಲ್ಲಿ ನಯಾಸಿನ್ ಇದೆ, ಆದರೆ ನಮ್ಮ ದೇಹ ಹೀರಿಕೊಳ್ಳಲಾಗದ ರೂಪದಲ್ಲಿ ಬಂಧಿಯಾಗಿದೆ. ಮೆಕ್ಸಿಕೊದ ಜನ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಅದನ್ನು ಬಿಡಿಸಿಕೊಳ್ಳುತ್ತಿದ್ದರು. ಯುರೋಪಿನವರು ಬೀಜ ತಂದರು, ಆ ಬುದ್ಧಿಯನ್ನು ತರಲಿಲ್ಲ.

ನಮ್ಮ ಕಡೆಯೂ ಇದು ದೂರದ ಮಾತಲ್ಲ. ಹೈದರಾಬಾದಿನಲ್ಲಿ, ಈಗ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂದು ಕರೆಯುವ ಸಂಸ್ಥೆಯಲ್ಲಿ, ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಸುಮಾರಿಗೆ ಬರೀ ಜೋಳ ತಿಂದು ಬದುಕುತ್ತಿದ್ದ ಬಡವರಲ್ಲಿ ಇದೇ ರೋಗವನ್ನು ಗುರುತಿಸಿದ್ದರು. ಜೋಳ ಕೆಟ್ಟದ್ದು ಅಂತಲ್ಲ. ರೊಟ್ಟಿಯ ಜೊತೆ ಕಾಳುಪಲ್ಯ, ಶೇಂಗಾ ಚಟ್ನಿಪುಡಿ, ಮೊಸರು ಇದ್ದರೆ ಈ ಕಾಯಿಲೆ ಹತ್ತಿರ ಬರುವುದಿಲ್ಲ. ಒಂದೇ ಧಾನ್ಯವನ್ನು "ಸೂಪರ್ ಫುಡ್" ಅಂತ ತಲೆ ಮೇಲೆ ಹೊರುವ ಸಂದೇಶಗಳನ್ನು ಓದುವಾಗ ನಮಗೆ ಈ ಕತೆ ನೆನಪಾಗುತ್ತದೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಿಜ. ಆದರೆ "ಮುದ್ದೆ ತಿಂದರೆ ಶುಗರ್ ಏರೋದೇ ಇಲ್ಲ" ಅನ್ನುವುದು ನಿಜವಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆ ರಕ್ತದ ಸಕ್ಕರೆಯನ್ನು ಚೆನ್ನಾಗಿಯೇ ಏರಿಸುತ್ತದೆ.

ಪಾಸ್ತಾ ಮತ್ತು ಶಾವಿಗೆ

"ಮಾರ್ಕೊ ಪೋಲೊ ಚೀನಾದಿಂದ ಪಾಸ್ತಾ ತಂದ" ಅನ್ನುವ ಮಾತು ಕ್ವಿಜ್ ಪುಸ್ತಕಗಳಲ್ಲೂ ಇದೆ. ಅದು ತಪ್ಪು. ಅವನು ವೆನಿಸ್‌ಗೆ ಮರಳಿದ್ದು 1295ರಲ್ಲಿ. ಅದಕ್ಕೆ 140 ವರ್ಷ ಮೊದಲೇ, 1154ರಲ್ಲಿ, ಅಲ್ ಇದ್ರೀಸಿ ಎಂಬ ಅರಬ್ ಭೂಗೋಳಜ್ಞ ಸಿಸಿಲಿ ದ್ವೀಪದ ಟ್ರಾಬಿಯಾ ಊರಿನಲ್ಲಿ ಹಿಟ್ಟಿನ ಎಳೆಗಳನ್ನು ಮಾಡಿ ಹಡಗಿನಲ್ಲಿ ದೇಶದೇಶಕ್ಕೆ ಕಳಿಸುತ್ತಿದ್ದುದನ್ನು ಬರೆದಿದ್ದಾನೆ. 1279ರಲ್ಲಿ ಜಿನೋವಾದಲ್ಲಿ ಬರೆದ ಒಂದು ಆಸ್ತಿ ಪಟ್ಟಿಯಲ್ಲಿ ಒಂದು ಬುಟ್ಟಿ ಮಕರೋನಿ ಇದೆ. ಮಾರ್ಕೊ ಪೋಲೊ ಕತೆಯನ್ನು ಜನಪ್ರಿಯಗೊಳಿಸಿದ್ದು 1929ರಲ್ಲಿ ಅಮೆರಿಕದ ಮಕರೋನಿ ವ್ಯಾಪಾರಿಗಳ ಪತ್ರಿಕೆಯೊಂದು. ಅಂದರೆ ಆ ಕಾಲದ ಫಾರ್ವರ್ಡ್.

ಹಿಟ್ಟನ್ನು ಎಳೆ ಮಾಡಿ, ಒಣಗಿಸಿ, ಬೇಕಾದಾಗ ಬೇಯಿಸಿಕೊಳ್ಳುವ ಬುದ್ಧಿ ಒಂದೇ ಊರಿನ ಸ್ವತ್ತಲ್ಲ. ಹೊಳಲ್ಕೆರೆ, ಹಿರಿಯೂರು ಕಡೆ ಹಳೇ ಮನೆಗಳ ಅಟ್ಟದಲ್ಲಿ ಇವತ್ತಿಗೂ ಶಾವಿಗೆ ಒರಳು ಸಿಗುತ್ತದೆ. ಬೆಂದ ಹಿಟ್ಟಿನುಂಡೆ ಹಾಕಿ ಒತ್ತಿದ ಬಿಸಿ ಶಾವಿಗೆಗೆ ಕಾಯಿಹಾಲು, ಬೆಲ್ಲ, ಎಳ್ಳುಪುಡಿ. ಉತ್ತರಕ್ಕೆ ಹೋದಂತೆ ಗೋಧಿ ಹಿಟ್ಟಿನ ಹೊಸೆದ ಶಾವಿಗೆ ಬರುತ್ತದೆ, ಜೊತೆಗೆ ಹೆಂಗಸರು ಮಧ್ಯಾಹ್ನ ಕೂತು ಬೆರಳಲ್ಲಿ ತೀಡುವ ಗವಲಿ, ಪರಡಿ, ಸೌತೆಬೀಜ. ಇಟಲಿಯಲ್ಲೂ ಇಂಥ ಒಂದು ಪುಟ್ಟ ಪಾಸ್ತಾ ಇದೆ. ಅದರ ಹೆಸರು "ಸೆಮಿ ದಿ ಮೆಲೋನೆ", ಅಂದರೆ ಕರಬೂಜದ ಬೀಜ. ಒಬ್ಬರನ್ನೊಬ್ಬರು ನೋಡದ ಅಜ್ಜಿಯರು ಒಂದೇ ಆಕಾರಕ್ಕೆ ಹೆಚ್ಚುಕಡಿಮೆ ಒಂದೇ ಹೆಸರಿಟ್ಟಿದ್ದಾರೆ.

ಗೋಧಿಯ ವಿಚಾರದಲ್ಲೂ ನಂಟಿದೆ. ಒಣ ಪಾಸ್ತಾವನ್ನು ಡ್ಯೂರಂ ಎಂಬ ಗಟ್ಟಿ ಗೋಧಿಯ ರವೆಯಿಂದಲೇ ಮಾಡಬೇಕು ಅಂತ ಇಟಲಿ 1967ರಲ್ಲಿ ಕಾನೂನು ಮಾಡಿತು. ಉತ್ತರ ಕರ್ನಾಟಕದಲ್ಲಿ ಡ್ಯೂರಂ ಗೋಧಿಯೂ ಬೆಳೆಯುತ್ತದೆ, ಶಾವಿಗೆಗೆ ಹೆಸರಾದ ಜವೆ ಗೋಧಿಯೂ ಬೆಳೆಯುತ್ತದೆ. ಈ ಜವೆ ಗೋಧಿಯೇ ಇಟಲಿಯ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವ "ಫಾರ್ರೊ".

ನಾಲಿಗೆಗೆ ಯಾಕೆ ಹಿಡಿಸುತ್ತದೆ?

1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಎಂಬ ರಸಾಯನ ವಿಜ್ಞಾನಿ ಸಮುದ್ರ ಪಾಚಿಯ ಸಾರಿನಿಂದ ಒಂದು ವಸ್ತುವನ್ನು ಬೇರ್ಪಡಿಸಿದರು. ಅದು ಗ್ಲುಟಮೇಟ್. ಸಿಹಿ, ಹುಳಿ, ಉಪ್ಪು, ಕಹಿಗೆ ಸೇರದ ಈ ರುಚಿಗೆ ಅವರು "ಉಮಾಮಿ" ಎಂದರು. ನಮ್ಮ ಮಾತಿನಲ್ಲಿ "ಸಾರು ಇವತ್ತು ಒಳ್ಳೆ ಕಳೆಗಟ್ಟಿದೆ" ಅಂತೀವಲ್ಲ, ಹತ್ತಿರತ್ತಿರ ಅದು. ನಾಲಿಗೆಯಲ್ಲಿ ಇದನ್ನು ಗುರುತಿಸುವ ಗ್ರಾಹಕಗಳೇ ಇವೆ.

ಇಟಲಿಯ ಮನೆ ಅಡುಗೆ ಹೆಚ್ಚು ಸಾಮಾನಿಲ್ಲದೆ ಈ ರುಚಿಯನ್ನು ಹಿಡಿಯುತ್ತದೆ. ವರ್ಷಗಟ್ಟಲೆ ಹಣ್ಣಾದ ಪಾರ್ಮೆಸಾನ್ ಚೀಸ್‌ನಲ್ಲಿ 100 ಗ್ರಾಂಗೆ 1 ಗ್ರಾಂಗಿಂತ ಹೆಚ್ಚು ಗ್ಲುಟಮೇಟ್ ಇರುತ್ತದೆ. ಚೆನ್ನಾಗಿ ಹಣ್ಣಾದ ಟೊಮೆಟೊದಲ್ಲೂ ಬೇಕಾದಷ್ಟಿದೆ, ನಿಧಾನವಾಗಿ ಕುದಿಸಿ ನೀರು ಇಂಗಿಸಿದರೆ ಇನ್ನಷ್ಟು ಗಟ್ಟಿಯಾಗುತ್ತದೆ. ಅದಕ್ಕೆ ಬೆಳ್ಳುಳ್ಳಿ ಬಾಡಿಸಿದ ಎಣ್ಣೆ, ಉಪ್ಪು, ಹೊಟ್ಟೆ ತುಂಬಿಸುವ ಗೋಧಿ. ಮಸಾಲೆಯ ಪರಿಚಯವೇ ಇಲ್ಲದ ಊರಿನಲ್ಲೂ ಇದು ಯಾರ ನಾಲಿಗೆಗೂ ಅಪರಿಚಿತ ಅನ್ನಿಸುವುದಿಲ್ಲ. ಮಕ್ಕಳು ಬೇಗ ಒಪ್ಪುವುದೂ ಇದಕ್ಕೇ.

ಇನ್ನೊಂದು ಗುಟ್ಟು ಪಾಸ್ತಾ ಬೇಯಿಸಿದ ನೀರು. ಅದರಲ್ಲಿ ಪಿಷ್ಟ ಇರುತ್ತದೆ. ಒಂದು ಸೌಟು ಸಾಸಿಗೆ ಹಾಕಿ ಕದಡಿದರೆ ಎಣ್ಣೆ ಮತ್ತು ನೀರು ಬೇರೆಯಾಗದೆ ನುಣ್ಣಗೆ ಕೂಡಿಕೊಳ್ಳುತ್ತವೆ. ಟಿವಿಯ ಅಡುಗೆಯವರು ಇದನ್ನು ದೊಡ್ಡ ರಹಸ್ಯದ ಹಾಗೆ ಹೇಳುತ್ತಾರೆ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಅದರಲ್ಲೇ ಬಸ್ಸಾರು ಮಾಡುವವರಿಗೆ ಇದು ಹೊಸದಲ್ಲ.

ಇಲ್ಲೇ ಒಂದು ಹೆದರಿಕೆ ಬಿಡಿಸೋಣ. ಅಜಿನೊಮೊಟೊ ಅಂದರೆ ಗ್ಲುಟಮೇಟ್‌ನ ಉಪ್ಪು. ಪುಡಿಯ ಗ್ಲುಟಮೇಟ್, ಟೊಮೆಟೊದ ಗ್ಲುಟಮೇಟ್ ಎರಡೂ ದೇಹಕ್ಕೆ ಒಂದೇ. "ಚೈನೀಸ್ ಊಟ ಮಾಡಿದ ಮೇಲೆ ಕತ್ತು ಜೋಮು ಹಿಡಿಯಿತು" ಎಂದು 1968ರಲ್ಲಿ ವೈದ್ಯರೊಬ್ಬರು ವೈದ್ಯಕೀಯ ಪತ್ರಿಕೆಗೆ ಬರೆದ ಪತ್ರದಿಂದ ಈ ಭಯ ಹುಟ್ಟಿತು. ಊಟದಲ್ಲಿ ಬಳಸುವ ಪ್ರಮಾಣದಲ್ಲಿ ಅದು ವಿಷ ಎಂಬುದಕ್ಕೆ ಆಮೇಲಿನ ಪರೀಕ್ಷೆಗಳಲ್ಲಿ ಆಧಾರ ಸಿಗಲಿಲ್ಲ. ಪ್ಯಾಕೆಟ್ ತಿಂಡಿಯಲ್ಲಿ ನಿಜಕ್ಕೂ ಚಿಂತೆ ಮಾಡಬೇಕಾದ್ದು ಮಾಮೂಲಿ ಉಪ್ಪಿನ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚದೊಳಗೆ.

"ಸಾವಿರಾರು ವರ್ಷದ" ಅಡುಗೆಯೇ?

ಟೊಮೆಟೊ ಇಟಲಿಗೆ ಬಂದದ್ದು 16ನೇ ಶತಮಾನದಲ್ಲಿ. ಟೊಮೆಟೊ ಸಾಸಿನ ವಿಧಾನ ಅಲ್ಲಿನ ಅಡುಗೆ ಪುಸ್ತಕದಲ್ಲಿ ಅಚ್ಚಾದದ್ದು 1690ರ ದಶಕದಲ್ಲಿ, ಅದೂ "ಸ್ಪೇನಿನ ಶೈಲಿ" ಎಂಬ ಹೆಸರಿನಲ್ಲಿ. ನಮ್ಮ ಸಾರಿನ ಟೊಮೆಟೊ, ಮೆಣಸಿನಕಾಯಿ, ಚಟ್ನಿಯ ಶೇಂಗಾ, ಹೊಲದ ಮೆಕ್ಕೆಜೋಳ ನಾಲ್ಕೂ ಅಮೆರಿಕ ಖಂಡದವೇ. ರಾಗಿ, ಜೋಳ ಆಫ್ರಿಕಾದಿಂದ ಬಹಳ ಹಿಂದೆ ಬಂದವು. ಇಟಲಿ ಎಂಬ ದೇಶ ಒಂದಾದದ್ದೇ 1861ರಲ್ಲಿ. ಮೂವತ್ತು ವರ್ಷದ ನಂತರ, 1891ರಲ್ಲಿ, ಪೆಲ್ಲೆಗ್ರಿನೊ ಆರ್ಟುಸಿ ಎಂಬ ಹಿರಿಯರು ಬೇರೆಬೇರೆ ಸೀಮೆಯ ಮನೆ ಅಡುಗೆಗಳನ್ನು ಕೂಡಿಸಿ ತಮ್ಮ ಖರ್ಚಿನಲ್ಲೇ ಪುಸ್ತಕ ಅಚ್ಚು ಹಾಕಿಸಿದರು. "ಇಟಾಲಿಯನ್ ಅಡುಗೆ" ಎಂಬ ಕಲ್ಪನೆ ಮನೆಮನೆಗೆ ತಲುಪಿದ್ದರಲ್ಲಿ ಆ ಪುಸ್ತಕದ ಪಾತ್ರ ದೊಡ್ಡದು.

ಜಗತ್ತಿಗೆ ಹರಡಿದ್ದು ಮಾತ್ರ ಪುಸ್ತಕದಿಂದಲ್ಲ, ಬಡತನದಿಂದ. 1880ರಿಂದ 1915ರ ನಡುವೆ ಸುಮಾರು 1.3 ಕೋಟಿ ಇಟಾಲಿಯನ್ನರು ಕೆಲಸ ಹುಡುಕಿ ಊರು ಬಿಟ್ಟರು. ನ್ಯೂಯಾರ್ಕಿನಲ್ಲಿ, ಬ್ಯೂನಸ್ ಐರಿಸ್‌ನಲ್ಲಿ ಅವರ ಕೈಗೆ ಮೊದಲ ಬಾರಿ ಅಗ್ಗದ ಮಾಂಸ, ಬಿಳಿ ಹಿಟ್ಟು, ಚೀಸ್ ಸಿಕ್ಕಿತು. ಊರಿನಲ್ಲಿ ಹಬ್ಬಕ್ಕೆ ಮಾತ್ರ ಮಾಡುತ್ತಿದ್ದುದನ್ನು ಅಲ್ಲಿ ವಾರಕ್ಕೊಮ್ಮೆ ಮಾಡಿದರು, ಹೋಟೆಲು ತೆರೆದರು. ನಾವು ಇವತ್ತು ಇಟಾಲಿಯನ್ ಅಂತ ತಿನ್ನುವ ಚೀಸ್ ಸುರಿಯುವ ಪಿಜ್ಜಾ ಆ ವಲಸಿಗರ ಕೈರುಚಿ, ಆಮೇಲೆ ಅಮೆರಿಕದ ಕಂಪನಿಗಳ ಲೆಕ್ಕಾಚಾರ. ಬೇಕರಿಯ ಬನ್ನಿನ ಮೇಲೆ ಎಲೆಕೋಸು, ಕೆಚಪ್ ಹಾಕಿದ "ಪಿಜ್ಜಾ"ದ ವಂಶಾವಳಿ ಇನ್ನೂ ಉದ್ದ ಇದೆ, ಬಿಡಿ.

ಹೃದಯ ಮತ್ತು ಎಣ್ಣೆ

ಈಗ ಹೊಸದುರ್ಗದ ಪ್ರಶ್ನೆ. ಆನ್ಸೆಲ್ ಕೀಸ್ ಎಂಬ ಅಮೆರಿಕದ ವಿಜ್ಞಾನಿ 1950ರ ದಶಕದ ಆರಂಭದಲ್ಲಿ ನೇಪಲ್ಸ್‌ಗೆ ಹೋದಾಗ ಅಲ್ಲಿನ ದುಡಿಯುವ ಜನರಲ್ಲಿ ಹೃದ್ರೋಗ ಅಪರೂಪ ಎಂಬುದನ್ನು ಕಂಡರು. 1958ರಲ್ಲಿ ಅವರು ಶುರುಮಾಡಿದ ಏಳು ದೇಶಗಳ ಅಧ್ಯಯನದಿಂದ "ಮೆಡಿಟರೇನಿಯನ್ ಆಹಾರ" ಎಂಬ ಮಾತು ಪ್ರಸಿದ್ಧವಾಯಿತು. ಆ ಜನ ತಿನ್ನುತ್ತಿದ್ದುದು ಸೊಪ್ಪು, ಕಾಳು, ರೊಟ್ಟಿ, ಪಾಸ್ತಾ, ಆಲಿವ್ ಎಣ್ಣೆ, ಸ್ವಲ್ಪ ಮೀನು, ಅಪರೂಪಕ್ಕೆ ಮಾಂಸ. ಇಡೀ ದಿನ ಮೈಮುರಿದು ದುಡಿಯುತ್ತಿದ್ದರು. ಅವರಿಗೆ ಹೃದಯಾಘಾತ "ಆಗುವುದೇ ಇಲ್ಲ" ಅನ್ನುವುದು ಆಗಲೂ ನಿಜವಾಗಿರಲಿಲ್ಲ.

ಗಟ್ಟಿ ಪುರಾವೆ ಬಂದದ್ದು ಸ್ಪೇನಿನ ಪ್ರೆಡಿಮೆಡ್ ಪ್ರಯೋಗದಿಂದ. ಹೃದ್ರೋಗದ ಅಪಾಯ ಹೆಚ್ಚಿದ್ದ 7,447 ಜನರನ್ನು ಗುಂಪು ಮಾಡಿ, ಒಂದು ಗುಂಪಿಗೆ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ, ಇನ್ನೊಂದಕ್ಕೆ ದಿನಕ್ಕೆ 30 ಗ್ರಾಂ ಅಕ್ರೋಟು, ಬಾದಾಮಿ ಮೊದಲಾದ ಬೀಜಗಳನ್ನು ಕೊಟ್ಟು ಮೆಡಿಟರೇನಿಯನ್ ಪದ್ಧತಿಯ ಊಟ ಮಾಡಿಸಿದರು. ಹೋಲಿಕೆಯ ಗುಂಪಿಗಿಂತ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾಗಿ ಸುಮಾರು 30% ಕಡಿಮೆ. 2013ರಲ್ಲಿ ಪ್ರಕಟವಾದ ಈ ವರದಿಯನ್ನು ಗುಂಪು ಹಂಚಿದ ರೀತಿಯಲ್ಲಿ ದೋಷ ಇದ್ದದ್ದರಿಂದ ಹಿಂತೆಗೆದುಕೊಂಡು, 2018ರಲ್ಲಿ ಲೆಕ್ಕ ಸರಿಪಡಿಸಿ ಮತ್ತೆ ಪ್ರಕಟಿಸಿದರು. ಫಲಿತಾಂಶ ಹೆಚ್ಚು ಬದಲಾಗಲಿಲ್ಲ. ಆಗಲೇ ಹೃದ್ರೋಗ ಇದ್ದ ಸುಮಾರು ಸಾವಿರ ಜನರ ಮೇಲೆ ಸ್ಪೇನಿನ ಕೊರ್ಡೊಬಾದಲ್ಲಿ ನಡೆದ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಅದರಲ್ಲೂ ಕೊಬ್ಬು ಕಡಿಮೆ ಮಾಡಿದ ಊಟಕ್ಕಿಂತ ಈ ಊಟ ಮೇಲಾಗಿತ್ತು.

ಗಮನಿಸಿ: ಈ ಪ್ರಯೋಗಗಳಲ್ಲಿ ಯಾರೂ ಮಾತ್ರೆಯ ಬದಲು ಎಣ್ಣೆ ಕುಡಿಯಲಿಲ್ಲ. ಔಷಧದ ಜೊತೆಗೆ ಊಟ ಬದಲಾಯಿತು. ಬೀಜ ತಿಂದ ಗುಂಪಿಗೂ ಲಾಭವಾಯಿತು, ಅಂದರೆ ಮಹಿಮೆ ಒಂದು ಡಬ್ಬದಲ್ಲಿಲ್ಲ.

ಶೇಂಗಾ ಎಣ್ಣೆ ವಿಷವೇ? ಅಲ್ಲ. ಆಲಿವ್ ಎಣ್ಣೆಯಲ್ಲಿ ಸುಮಾರು 70%ರಷ್ಟಿರುವ ಓಲಿಕ್ ಆಮ್ಲ ಶೇಂಗಾ ಎಣ್ಣೆಯಲ್ಲೂ ಹತ್ತಿರ ಹತ್ತಿರ ಅರ್ಧದಷ್ಟಿದೆ. ಸ್ಯಾಚುರೇಟೆಡ್ ಕೊಬ್ಬು ತುಸು ಹೆಚ್ಚು, ಪಾಮ್ ಎಣ್ಣೆಗೆ ಹೋಲಿಸಿದರೆ ಬಹಳ ಕಡಿಮೆ. ಎಕ್ಸ್‌ಟ್ರಾ ವರ್ಜಿನ್‌ನಲ್ಲಿ ಇರುವ ಪಾಲಿಫಿನಾಲ್‌ಗಳು ಅದರ ಹೆಚ್ಚುಗಾರಿಕೆ. ಆದರೆ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ "ಪೊಮೇಸ್", "ಲೈಟ್" ಆಲಿವ್ ಎಣ್ಣೆಗಳು ರಿಫೈನ್ ಮಾಡಿದವು, ಅವುಗಳಲ್ಲಿ ಈ ಅಂಶ ಬಹುಪಾಲು ಹೋಗಿರುತ್ತದೆ. ಎಣ್ಣೆ ಯಾವುದೇ ಆಗಲಿ, 1 ಗ್ರಾಂಗೆ 9 ಕ್ಯಾಲರಿ. ಚಳ್ಳಕೆರೆಯ ಎಣ್ಣೆ ಗಿರಣಿಗಳ ಪಕ್ಕದಲ್ಲಿ ಕೂತು ಸಾಲ ಮಾಡಿ ಇಟಲಿಯ ಎಣ್ಣೆ ತರಿಸುವ ಅಗತ್ಯ ನಮಗೆ ಕಾಣುವುದಿಲ್ಲ. ಅದೇ ದುಡ್ಡಿಗೆ ವಾರವಿಡೀ ಸೊಪ್ಪು, ಹುರುಳಿ, ಹೆಸರುಕಾಳು, ಹಣ್ಣು ಬರುತ್ತದೆ. ಕರಿದದ್ದು, ಉಪ್ಪಿನಕಾಯಿ, ಹಪ್ಪಳ ಕಡಿಮೆಯಾದರೆ ಇನ್ನೂ ಒಳ್ಳೆಯದು.

ಕರುಳಿಗೆ ಮೈದಾ ಅಂಟುತ್ತದೆಯೇ?

ಇಲ್ಲ. ಹಸಿ ಮೈದಾ ನೀರಲ್ಲಿ ಕಲಸಿದರೆ ಪೋಸ್ಟರ್ ಅಂಟಿಸುವ ಗೋಂದು ಆಗುತ್ತದೆ ಅನ್ನುವುದು ನಿಜ. ಹೊಟ್ಟೆಯಲ್ಲಿ ಮಾತ್ರ ಆಮ್ಲ ಮತ್ತು ಕಿಣ್ವಗಳಿವೆ, ಪಿಷ್ಟ ಸಕ್ಕರೆಯಾಗಿ, ಪ್ರೋಟೀನು ಅಮೈನೋ ಆಮ್ಲವಾಗಿ ಒಡೆದು ರಕ್ತಕ್ಕೆ ಸೇರುತ್ತದೆ. ಕರುಳಿನ ಒಳಪದರವೇ ಮೂರರಿಂದ ಐದು ದಿನಕ್ಕೊಮ್ಮೆ ಹೊಸದಾಗುತ್ತದೆ, ವರ್ಷಗಟ್ಟಲೆ ಅಂಟಿಕೊಳ್ಳಲು ಜಾಗವೇ ಇಲ್ಲ. ಮೈದಾದ ನಿಜವಾದ ತೊಂದರೆ ಬೇರೆ: ನಾರು ಬಹಳ ಕಡಿಮೆ, ಬೇಗ ಜೀರ್ಣವಾಗಿ ಸಕ್ಕರೆ ಬೇಗ ಏರಿಸುತ್ತದೆ, ಅದನ್ನೇ ತಿಂದರೆ ಮಲಬದ್ಧತೆ.

ಡ್ಯೂರಂ ರವೆಯ ಪಾಸ್ತಾ ಇದಕ್ಕಿಂತ ತುಸು ಭಿನ್ನ. ಅದರ ಗಟ್ಟಿ ಪ್ರೋಟೀನ್ ಜಾಲದಲ್ಲಿ ಪಿಷ್ಟ ಸಿಕ್ಕಿಕೊಂಡಿರುವುದರಿಂದ ಬಿಳಿ ಬ್ರೆಡ್ಡಿಗಿಂತ ನಿಧಾನವಾಗಿ ಜೀರ್ಣವಾಗುತ್ತದೆ. ಮೆತ್ತಗೆ ಕರಗಿಸದೆ ಹಲ್ಲಿಗೆ ಸಿಗುವಂತೆ ಬೇಯಿಸಿದರೆ ಇನ್ನೂ ನಿಧಾನ. ಕೊಳ್ಳುವಾಗ ಪ್ಯಾಕೆಟ್ ಹಿಂದೆ ನೋಡಿ, ಮೈದಾದ್ದೂ ಪಾಸ್ತಾ ಅಂತಲೇ ಮಾರಾಟವಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಅಳತೆಯಲ್ಲಿ, ಬೇಳೆ ತರಕಾರಿ ಜೊತೆಗೆ ತಿನ್ನಬಹುದು. ಶಾವಿಗೆ ಬಾತಿಗೂ ಇದೇ ಮಾತು.

ಉತ್ತರ ಕಳಿಸಿದ ಮೇಲೆ ಆ ಓದುಗರು ಮತ್ತೆ ಬರೆದರು. ಅಪ್ಪ ಮಾತ್ರೆ ಮುಂದುವರಿಸಿದ್ದಾರಂತೆ. "ತಂದಿಟ್ಟ ಡಬ್ಬ ಏನು ಮಾಡಲಿ? ಕಾಯಿಸಿದರೆ ವಿಷ ಆಗುತ್ತೆ ಅಂತ ಇನ್ನೊಂದು ಮೆಸೇಜ್ ಬಂದಿದೆ." ಆಗುವುದಿಲ್ಲ. ಒಗ್ಗರಣೆ, ಪಲ್ಯದ ಬಿಸಿಗೆ ಅದು ತಡೆಯುತ್ತದೆ, ಹೊಗೆ ಬರುವಷ್ಟು ಕಾಯಿಸಬೇಡಿ. ಬಿಸಿಲು ಮತ್ತು ಒಲೆಯಿಂದ ದೂರ, ಕತ್ತಲಲ್ಲಿ ಮುಚ್ಚಿಡಿ, ತೆರೆದ ಮೇಲೆ ಒಂದೆರಡು ತಿಂಗಳಲ್ಲಿ ಮುಗಿಸಿ. ಬಸ್ಸಾರಿನ ಒಗ್ಗರಣೆಗೂ ನಡೆಯುತ್ತದೆ, ವಾಸನೆ ಸ್ವಲ್ಪ ಬೇರೆ ಅನ್ನಿಸಬಹುದು.